ಜಿಲ್ಲಾ ಮ್ಯೂಸಿಯಂನಲ್ಲಿ ಚಿತ್ರ ಪ್ರದರ್ಶನ ಏರ್ಪಡಿಸುವುದು ಹೇಗೆ? ಅರ್ಜಿಯಿಂದ ಹಿಡಿದು ಮೊಳೆಯವರೆಗೆ

ನಮ್ಮ ಊರುಗಳಲ್ಲಿ ಚಿತ್ರ ಪ್ರದರ್ಶನ ಮಾಡೋಣ ಅಂದ ಕೂಡಲೇ ಏಳುವ ಮೊದಲ ಪ್ರಶ್ನೆ, ಉದ್ಘಾಟನೆಗೆ ಯಾರನ್ನು ಕರೆಯೋದು? ಆಮೇಲೆ ಆಹ್ವಾನ ಪತ್ರಿಕೆ. ಆಮೇಲೆ ಫ್ಲೆಕ್ಸು. ಚಿತ್ರ ತೂಗುಹಾಕುವ ಕೆಲಸ ಮಾತ್ರ ಹಿಂದಿನ ರಾತ್ರಿಗೆ ಉಳಿಯುತ್ತದೆ. ಬೆಳಗ್ಗೆ ನೋಡಿದರೆ ಅರ್ಧ ಚಿತ್ರ ತಲೆಯ ಮೇಲೆ, ಅರ್ಧ ಸೊಂಟದ ಕೆಳಗೆ.

ಈ ಕ್ರಮವನ್ನು ತಿರುಗಿಸಿ. ಗೋಡೆಯಿಂದ ಶುರು ಮಾಡಿ. ಗೋಡೆ ಎಷ್ಟು ಹಿಡಿಯುತ್ತದೆ ಅಂತ ಗೊತ್ತಾದ ಮೇಲೆ ಚಿತ್ರದ ಆಯ್ಕೆ, ಆಮೇಲೆ ಬೆಳಕು ಮತ್ತು ಬರಹ. ಉದ್ಘಾಟಕರು ಕೊನೆಗೆ.

ಸ್ವಂತ ಗ್ಯಾಲರಿ, ಕ್ಯುರೇಟರ್, ದೊಡ್ಡ ಬಜೆಟ್ ಯಾವುದೂ ಇಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕೈದು ಕಲಾವಿದರ ಗುಂಪು, ಕಾಲೇಜಿನ ಚಿತ್ರಕಲಾ ವಿಭಾಗ, ಊರಿನ ಒಂದು ಸಂಘ, ಇಂಥವರು. ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನಲ್ಲಿ ಮದುವೆಗೆ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಪ್ರದರ್ಶನ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿರುವ ಸರ್ಕಾರಿ ಮ್ಯೂಸಿಯಂನಲ್ಲಿ. ನಿಮ್ಮ ಊರು ಬೇರೆ, ಚಿತ್ರ ಬೇರೆ ಆದರೂ ಲೆಕ್ಕ ಹೆಚ್ಚುಕಮ್ಮಿ ಇದೇ.

1. ಮೊದಲು ಜಾಗ ನೋಡಿ ಬನ್ನಿ, ಟೇಪು ಹಿಡಿದು

ಬೆಂಗಳೂರಿನವರಿಗೆ ಈ ತೊಂದರೆ ಕಮ್ಮಿ. ಕಸ್ತೂರ್ಬಾ ರಸ್ತೆಯಲ್ಲಿ 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂ ಇದೆ. ಅದರ ಪಕ್ಕದಲ್ಲೇ ಇರುವ ವೆಂಕಟಪ್ಪ ಚಿತ್ರಶಾಲೆ ಚಿತ್ರಕ್ಕಾಗಿಯೇ ಕಟ್ಟಿದ್ದು. ಜಿಲ್ಲೆಗಳಲ್ಲಿ ಹಾಗಲ್ಲ. ನಮ್ಮ ಮ್ಯೂಸಿಯಂಗಳು ಎಷ್ಟೋ ಕಡೆ ಇನ್ಯಾವುದಕ್ಕೋ ಕಟ್ಟಿದ ಹಳೆಯ ಕಟ್ಟಡಗಳು. ಶಿವಮೊಗ್ಗದ್ದು ಮರದ ಕಂಬಗಳ ಅರಮನೆ. ಮಡಿಕೇರಿಯದ್ದು ಕೋಟೆಯೊಳಗಿನ ಹಳೆಯ ಚರ್ಚು. ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ ಒಬ್ಬ ವೈದ್ಯರು ತಾಯಿಯ ನೆನಪಿಗೆ ದಾನ ಕೊಟ್ಟ ಮನೆ, ಅದೂ ಹಡಗಿನ ಆಕಾರದ್ದು. ಇಂಥ ಕಡೆ ಚಿತ್ರ ತೂಗುಹಾಕುವುದನ್ನು ಕಟ್ಟಿದವರು ಯೋಚಿಸಿಯೇ ಇರಲಿಲ್ಲ. ಹಾಗಾಗಿ ಗೋಡೆಯನ್ನು ನೀವೇ ಓದಬೇಕು.

ಒಂದು ದೊಡ್ಡ ಹಾಳೆಯಲ್ಲಿ ಹಾಲ್‌ನ ನಕ್ಷೆ ಬರೆದುಕೊಳ್ಳಿ. ಪ್ರತಿ ಗೋಡೆಯ ಉದ್ದ, ಎತ್ತರ ಗುರುತು ಮಾಡಿ. ಕಿಟಕಿ, ಸ್ವಿಚ್ ಬೋರ್ಡ್, ಬೆಂಕಿ ಆರಿಸುವ ಸಿಲಿಂಡರ್, ತೆಗೆಯಲು ಆಗದ ನೋಟಿಸ್ ಬೋರ್ಡ್, ಸರಿಸಲಾಗದ ಶಿಲ್ಪ ಎಲ್ಲವೂ ನಕ್ಷೆಗೆ ಬರಲಿ. ಗೋಡೆಯಲ್ಲಿ ತೇವದ ಕಲೆ ಇದ್ದರೆ ಅದನ್ನೂ ಬರೆದುಕೊಳ್ಳಿ. ಪ್ಲಗ್ ಪಾಯಿಂಟ್ ಎಷ್ಟು, ಎಲ್ಲೆಲ್ಲಿ? ಬಾಗಿಲಿನ ಅಗಲ ಎಷ್ಟು? ಮೆಟ್ಟಿಲು ತಿರುಗುವ ಕಡೆ ಆರಡಿ ಕ್ಯಾನ್ವಾಸ್ ತಿರುಗುತ್ತದಾ? ಇದನ್ನು ಮರೆತು ದೊಡ್ಡ ಚಿತ್ರವನ್ನು ವರಾಂಡದಲ್ಲೇ ಇಟ್ಟವರು ಇದ್ದಾರೆ.

ಒಂದೇ ಸಲ ನೋಡಿದರೆ ಸಾಲದು. ಬೆಳಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಹೋಗಿ. ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಅಂತ ಆಗಲೇ ಗೊತ್ತಾಗುವುದು.

ಮೊಳೆ ಹೊಡೆಯಬಹುದಾ ಅಂತ ಕೇಳಿ. ಪಾರಂಪರಿಕ ಕಟ್ಟಡದಲ್ಲಿ ಉತ್ತರ 'ಇಲ್ಲ' ಅಂತಲೇ ಇರುತ್ತದೆ, ಇರಬೇಕು ಕೂಡ. ಹಾಗಾದಾಗ ಎರಡು ದಾರಿ. ಗೋಡೆಯ ಮೇಲ್ಭಾಗದಲ್ಲಿ ಚಿತ್ರ ತೂಗಲು ಮೊದಲೇ ಹಾಕಿದ ಕಬ್ಬಿಣದ ಸರಳು ಇದ್ದರೆ ಅದರಿಂದ ತಂತಿ ಇಳಿಬಿಡುವುದು. ಇಲ್ಲದಿದ್ದರೆ ನಿಲ್ಲುವ ಪ್ಯಾನೆಲ್. ಎಂಟು ಅಡಿ, ನಾಲ್ಕು ಅಡಿಯ ಪ್ಲೈವುಡ್ ಹಾಳೆಗಳನ್ನು ತಿರುಗಣಿ ಹಾಕಿ ಮೂರು ಮೂರರಂತೆ ಜೋಡಿಸಿ, ಅಂಕುಡೊಂಕಾಗಿ ನಿಲ್ಲಿಸಿದರೆ ಗಟ್ಟಿಯಾಗಿ ನಿಲ್ಲುತ್ತವೆ. ಶಾಮಿಯಾನದವರು ಕೊಡುವ ಬಟ್ಟೆ ಕಟ್ಟಿದ ಚೌಕಟ್ಟು ಬೇಡ. ಯಾರಾದರೂ ಭುಜ ತಾಗಿಸಿದರೆ ಸಾಕು, ಸಾಲು ಸಾಲೇ ಅಲ್ಲಾಡುತ್ತದೆ.

ಈಗ ಲೆಕ್ಕ. 24 ಅಡಿ ಗೋಡೆ ಇದೆ ಅಂದುಕೊಳ್ಳಿ. ಫ್ರೇಮ್ ಸೇರಿ ಎರಡೂವರೆ ಅಡಿ ಅಗಲದ ಐದು ಚಿತ್ರಕ್ಕೆ ಹನ್ನೆರಡೂವರೆ ಅಡಿ ಹೋಯಿತು. ಉಳಿದದ್ದು ಹನ್ನೊಂದೂವರೆ ಅಡಿ, ಅಂದರೆ 138 ಇಂಚು. ಐದು ಚಿತ್ರಕ್ಕೆ ಎರಡು ತುದಿ ಸೇರಿ ಆರು ಸಂದು. ಒಂದೊಂದಕ್ಕೆ 23 ಇಂಚು. ಇದು ಒಳ್ಳೆಯ ಅಂತರ. ಅದೇ ಗೋಡೆಗೆ ಎಂಟು ಚಿತ್ರ ತುರುಕಿದರೆ ಸಂದು ಐದು ಇಂಚಿಗೆ ಇಳಿಯುತ್ತದೆ. ಆಗ ಅದು ಪ್ರದರ್ಶನ ಅಲ್ಲ, ಫ್ರೇಮ್ ಅಂಗಡಿ. ಎಲ್ಲ ಗೋಡೆಗೂ ಹೀಗೆ ಲೆಕ್ಕ ಹಾಕಿ ಒಂದು ಸಂಖ್ಯೆಗೆ ಬನ್ನಿ. ಆ ಸಂಖ್ಯೆಯನ್ನು ಯಾರ ಮುಲಾಜಿಗೂ ಏರಿಸಬೇಡಿ.

2. ಅರ್ಜಿ, ಅನುಮತಿ, ದಿನಾಂಕ

ಸರ್ಕಾರಿ ಮ್ಯೂಸಿಯಂಗಳು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೈಕೆಳಗೆ ಬರುತ್ತವೆ. ಇಲಾಖೆಯ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಸ್ಥಳೀಯ ಅಧಿಕಾರಿ ಎಷ್ಟೇ ಒಳ್ಳೆಯವರಾದರೂ ಕಡತ ಮೇಲಕ್ಕೆ ಹೋಗಿ ಬರಬೇಕಾಗಬಹುದು. ಹಾಗಾಗಿ ನಾಲ್ಕರಿಂದ ಆರು ತಿಂಗಳು ಮುಂಚೆ ಅರ್ಜಿ ಕೊಡಿ. ಪತ್ರ ಆಯುಕ್ತರಿಗೆ, ಮ್ಯೂಸಿಯಂನ ಮುಖ್ಯಸ್ಥರ ಮೂಲಕ.

ಪತ್ರ ಒಂದೇ ಪುಟ ಇರಲಿ. ಏನು ಪ್ರದರ್ಶನ, ಯಾರದು, ಯಾವ ಹಾಲ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಹೊಣೆ ಯಾರದು ಅಂತ ಬರೆದರೆ ಸಾಕು. ತಾರೀಖು ಬರೆಯುವಾಗ ಜೋಡಣೆಗೆ ಎರಡು ದಿನ, ಇಳಿಸಲು ಒಂದು ದಿನ ಸೇರಿಸಿ ಕೇಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಜೊತೆಗೆ ಚಿತ್ರಗಳ ಪಟ್ಟಿ, ಆರೇಳು ಫೋಟೋ, ನೀವು ಮಾಡಿದ ನಕ್ಷೆ ಲಗತ್ತಿಸಿ. ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಒಳಗೆ ದೀಪ ಹಚ್ಚುವುದಿಲ್ಲ, ತಿಂಡಿ ಕೊಡುವುದಿಲ್ಲ ಅಂತ ನೀವೇ ಮೊದಲು ಬರೆದುಬಿಡಿ. ಅಧಿಕಾರಿಗೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ಪತ್ರವನ್ನು ಕೈಗೆ ಕೊಟ್ಟು ಬರಬೇಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ನಂಬರ್ ಹಾಕಿಸಿಕೊಳ್ಳಿ. ಆ ನಂಬರ್ ಇದ್ದರೆ ಮುಂದೆ ಫೋನ್ ಮಾಡಿ ಕೇಳಲು ಒಂದು ಹಿಡಿ ಸಿಗುತ್ತದೆ.

ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಕಾದ್ದು ಇನ್ನೂ ಇದೆ. ವಾರದ ರಜೆ ಯಾವತ್ತು? ಬಾಡಿಗೆ, ಠೇವಣಿ ಇದೆಯಾ? ಚಿತ್ರ ಮಾರಬಹುದಾ, ಬೆಲೆ ಹಾಕಬಹುದಾ? ರಾತ್ರಿ ಕಾವಲು ಯಾರದು, ಬೀಗದ ಕೈ ಯಾರ ಹತ್ತಿರ? ಜನರೇಟರ್ ಉಂಟಾ?

ದಿನಾಂಕದ ವಿಷಯ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಾಗದ ಬೂಸ್ಟು ಹಿಡಿಯಲು ಒಂದು ವಾರದ ಮಳೆ ಸಾಕು. ಮಾರ್ಚಿನಲ್ಲಿ ಪರೀಕ್ಷೆ, ಶಾಲೆಯವರು ಬರುವುದಿಲ್ಲ. ನವೆಂಬರ್ 19ರಿಂದ 25 ವಿಶ್ವ ಪರಂಪರೆ ಸಪ್ತಾಹ, ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆ ಹೊತ್ತಿಗೆ ಮ್ಯೂಸಿಯಂನವರಿಗೂ ಏನಾದರೂ ಕಾರ್ಯಕ್ರಮ ಬೇಕಿರುತ್ತದೆ. ನಿಮ್ಮ ಅರ್ಜಿ ಆಗ ಬೇಗ ಓಡುತ್ತದೆ. ಚುನಾವಣೆ ಹತ್ತಿರ ಇದ್ದರೆ ಎಚ್ಚರ. ನೀತಿ ಸಂಹಿತೆ ಬಂತು ಅಂದರೆ ಸರ್ಕಾರಿ ಜಾಗದಲ್ಲಿ ಸಚಿವರು, ಶಾಸಕರು ಉದ್ಘಾಟನೆಗೆ ಬರುವಂತಿಲ್ಲ. ಹಂಚಿದ ಆಹ್ವಾನ ಪತ್ರಿಕೆ ಕಸ.

ನಮ್ಮ ಉದಾಹರಣೆಗೆ ಸರಿಯಾದ ಹೊತ್ತು ಭೂಮಿ ಹುಣ್ಣಿಮೆಯ ನಂತರ. ಯಾಕೆ ಅಂತ ಮುಂದೆ ಹೇಳುತ್ತೇನೆ.

3. ಏನು ಇಡಬೇಕು, ಏನು ಬಿಡಬೇಕು

'ನಮ್ಮ ಜಿಲ್ಲೆಯ ಕಲಾವಿದರು' ಅನ್ನುವುದು ವಿಷಯ ಅಲ್ಲ, ಹಾಜರಿ ಪಟ್ಟಿ. ಎಲ್ಲರದ್ದೂ ಎರಡೆರಡು ಚಿತ್ರ ಅಂತ ಹಂಚಿದರೆ ಯಾರಿಗೂ ಬೇಜಾರಿಲ್ಲ ನಿಜ, ನೋಡುವವನಿಗೆ ಮಾತ್ರ ಒಂದೂ ನೆನಪಿರುವುದಿಲ್ಲ. ಒಂದು ಪ್ರಶ್ನೆ ಇಟ್ಟುಕೊಳ್ಳಿ. ಆ ಪ್ರಶ್ನೆಗೆ ಉತ್ತರ ಕೊಡದ ಚಿತ್ರ ಎಷ್ಟೇ ಚೆಂದ ಇದ್ದರೂ ಈ ಸಲಕ್ಕೆ ಬೇಡ.

ಹಸೆ ಚಿತ್ತಾರಕ್ಕೆ ಬರೋಣ. ಸಾಗರ, ಸೊರಬದ ಕಡೆಯ ದೀವರು ಸಮುದಾಯದ ಹೆಂಗಸರು ಮದುವೆಯ ಹೊತ್ತಿಗೆ ಮನೆಯ ಗೋಡೆಯ ಮೇಲೆ ಬರೆಯುವ ಚಿತ್ರ ಇದು. ಗೋಡೆಯನ್ನು ಕಿತ್ತು ತರುವಂತಿಲ್ಲವಲ್ಲ! ಹಾಗಾಗಿ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ: ಗೋಡೆಯ ಚಿತ್ರ ಗೋಡೆ ಬಿಟ್ಟು ಹೊರಗೆ ಬಂದಾಗ ಏನಾಗುತ್ತದೆ? ಒಂದು ಗೋಡೆಗೆ ಮನೆಗಳಲ್ಲಿ ತೆಗೆದ ದೊಡ್ಡ ಫೋಟೋಗಳು. ಇನ್ನೊಂದಕ್ಕೆ ಅದೇ ಕೈಗಳು ಬಟ್ಟೆ, ಹಲಗೆಯ ಮೇಲೆ ಬರೆದವು. ನಡುವೆ ಒಂದು ಮೇಜಿನ ಮೇಲೆ ಭೂಮಣ್ಣಿ ಬುಟ್ಟಿಗಳು. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರಗ, ಅಂದರೆ ಭೂಮಿಗೆ ಕೊಡುವ ಎಡೆ ಒಯ್ಯಲು ಚಿತ್ತಾರ ಬರೆದು ಸಿಂಗರಿಸುವ ಬುಟ್ಟಿ ಇದು. ಹಬ್ಬ ಮುಗಿದ ಕೂಡಲೇ ಕೇಳಿದರೆ ಬಣ್ಣ ಇನ್ನೂ ಹೊಸದಾಗಿರುವ ಬುಟ್ಟಿ ಸಿಗುತ್ತದೆ. ದಿನಾಂಕದ ಗುಟ್ಟು ಇದು.

ಒಂದು ವಿಷಯದಲ್ಲಿ ನನ್ನದು ಹಟ. ಜನಪದ ಕಲೆ ಅಂದ ಮಾತ್ರಕ್ಕೆ 'ಕಲಾವಿದೆ: ಗ್ರಾಮೀಣ ಮಹಿಳೆ' ಅಂತ ಬರೆಯಬೇಡಿ. ಬರೆದವರಿಗೆ ಹೆಸರಿದೆ, ಊರಿದೆ. ಒಪ್ಪಿಗೆ ಕೇಳಿ ಹೆಸರು ಹಾಕಿ. ಬಂದು ಬರೆದು ತೋರಿಸುವವರಿಗೆ ಬಸ್ ಚಾರ್ಜು, ಊಟದ ಜೊತೆ ದಿನದ ಸಂಭಾವನೆಯನ್ನು ಬಜೆಟ್‌ನ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಹಳೆಯ ಚಿತ್ರ ಇಡುವುದಾದರೆ ಕಾನೂನು ಸ್ವಲ್ಪ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪ್ರಾಚ್ಯವಸ್ತು. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಮನೆಯ ದೇವರಕೋಣೆಯ ಹಳೆಯ ಮೈಸೂರು ಶೈಲಿಯ ಚಿತ್ರವೂ ಇದರೊಳಗೆ ಬರಬಹುದು. ಇಂಥವು ನೋಂದಣಿ ಆಗಿರಬೇಕು. ಮನೆಯವರನ್ನು ಕೇಳಿ, ದಾಖಲೆಯ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು, ಹಕ್ಕಿನ ವಿಷಯ. ಚಿತ್ರ ಕೊಂಡವರು ಚಿತ್ರದ ಒಡೆಯರಷ್ಟೇ. ಕಾಪಿರೈಟ್ ಸಾಮಾನ್ಯವಾಗಿ ಕಲಾವಿದರ ಹತ್ತಿರವೇ ಉಳಿದಿರುತ್ತದೆ, ಅವರು ತೀರಿಕೊಂಡು 60 ವರ್ಷದವರೆಗೆ ಅವರ ವಾರಸುದಾರರ ಹತ್ತಿರ. ಕ್ಯಾಟಲಾಗ್‌ನಲ್ಲಿ ಅಚ್ಚು ಹಾಕುವ ಮುಂಚೆ ಕಲಾವಿದರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ.

4. ಚಿತ್ರ ತರುವುದು

ಪ್ರತಿ ಚಿತ್ರಕ್ಕೂ ಒಂದು ಹಾಳೆ. ಅದರಲ್ಲಿ ಶೀರ್ಷಿಕೆ, ಅಳತೆ, ಮಾಧ್ಯಮ, ಕೊಟ್ಟವರ ಹೆಸರು, ಪಡೆದ ದಿನ, ಹಿಂತಿರುಗಿಸುವ ದಿನ ಇರಲಿ. ಕೆಳಗೆ 'ಸ್ಥಿತಿ' ಅಂತ ಒಂದು ಜಾಗ ಬಿಡಿ. ಎಲ್ಲಿ ಗೀರಿದೆ, ಎಲ್ಲಿ ಬಣ್ಣ ಎದ್ದಿದೆ, ಫ್ರೇಮಿನ ಯಾವ ಮೂಲೆ ಬಿಟ್ಟಿದೆ ಎಲ್ಲ ಬರೆಯಿರಿ. ಮುಂದೆ, ಹಿಂದೆ ಎರಡೂ ಕಡೆ ಫೋಟೋ ತೆಗೆಯಿರಿ. ಎರಡು ಪ್ರತಿ, ಇಬ್ಬರ ಸಹಿ. 'ನಮ್ಮವರೇ ಅಲ್ವಾ, ರಸೀದಿ ಯಾಕೆ' ಅನ್ನುವ ಮಾತು ಬಂದೇ ಬರುತ್ತದೆ. ನಮ್ಮವರಾಗಿ ಉಳಿಯಲಿ ಅಂತಲೇ ರಸೀದಿ.

ಕಟ್ಟುವಾಗ ಬಬಲ್ ರ‍್ಯಾಪ್ ನೇರವಾಗಿ ಚಿತ್ರದ ಮೇಲೆ ಸುತ್ತಬೇಡಿ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಆಕ್ರಿಲಿಕ್ ಬಣ್ಣ ಮೆತ್ತಗಾಗುತ್ತದೆ, ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಬೀಳುತ್ತದೆ. ಒಮ್ಮೆ ಬಿದ್ದ ಅಚ್ಚು ಹೋಗುವುದು ಕಷ್ಟ. ಮೊದಲು ಬಟರ್ ಪೇಪರ್, ಆಮೇಲೆ ಗುಳ್ಳೆ ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್, ನಾಲ್ಕು ಮೂಲೆಗೆ ರಟ್ಟಿನ ಟೋಪಿ. ಟೇಪನ್ನು ಫ್ರೇಮಿಗೆ ಅಂಟಿಸಬೇಡಿ. ಬಿಚ್ಚಲು ಸುಲಭವಾಗುವಂತೆ ಟೇಪಿನ ತುದಿ ಮಡಚಿ ಬಿಡಿ, ಯಾಕೆಂದರೆ ಅವಸರದಲ್ಲಿ ಬ್ಲೇಡ್ ಹಾಕಿದರೆ ಕ್ಯಾನ್ವಾಸೇ ಕೊಯ್ದುಹೋಗುತ್ತದೆ.

ಟಾಟಾ ಏಸ್ ಸಾಕು. ಚಿತ್ರಗಳನ್ನು ಮಲಗಿಸಬೇಡಿ, ನಿಲ್ಲಿಸಿ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರಲಿ, ಹಿಂದಿನ ಕೊಂಡಿ ಮುಂದಿನ ಚಿತ್ರಕ್ಕೆ ತಾಗದಂತೆ. ಎರಡು ಚಿತ್ರದ ನಡುವೆ ರಟ್ಟು. ಮೇಲೆ ಟಾರ್ಪಾಲು.

ವಿಮೆ ಮಾಡಿಸುವುದಾದರೆ ಬರೀ ಹಾಲ್‌ನಲ್ಲಿದ್ದಾಗ ಅಲ್ಲ, ಕೊಟ್ಟವರ ಮನೆಯ ಗೋಡೆ ಬಿಟ್ಟಾಗಿನಿಂದ ಮತ್ತೆ ಅದೇ ಗೋಡೆ ಸೇರುವವರೆಗೆ ಇರುವಂಥದ್ದು ಕೇಳಿ. ಪೆಟ್ಟು ಬೀಳುವುದು ಹೆಚ್ಚಾಗಿ ದಾರಿಯಲ್ಲೇ.

ಚಿತ್ತಾರಕ್ಕೆ ಒಂದು ವಿಶೇಷ ಎಚ್ಚರಿಕೆ ಇದೆ. ಅದರ ಬಿಳಿ ಬಣ್ಣ ಅಕ್ಕಿ ಹಿಟ್ಟು. ಜಿರಲೆ, ಬೆಳ್ಳಿಮೀನು ಹುಳಕ್ಕೆ ಅದು ಊಟ. ಬಿದಿರು, ಬೆತ್ತದ ಬುಟ್ಟಿಗೆ ಕುಟ್ಟೆ ಹಿಡಿದಿರಬಹುದು. ಬುಟ್ಟಿಯನ್ನು ಒಂದು ಕಪ್ಪು ಹಾಳೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿ. ನಯವಾದ ಹಳದಿ ಪುಡಿ ಉದುರಿದರೆ ಒಳಗೆ ಹುಳ ಇದೆ. ಅಂಥದ್ದನ್ನು ಮ್ಯೂಸಿಯಂಗೆ ಒಯ್ಯಬೇಡಿ, ಅಲ್ಲಿನ ಹಳೆಯ ಮರಕ್ಕೂ ಹಬ್ಬುತ್ತದೆ. ಸಂಶಯ ಇರುವುದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಎರಡು ವಾರ ಬೇರೆ ಇಡಿ. ಪುಡಿ ಬೀಳದಿದ್ದರೆ ತನ್ನಿ.

5. ಬೆಳಕು ಕಮ್ಮಿ ಮಾಡಿ

ನಮ್ಮ ಪ್ರದರ್ಶನಗಳ ದೊಡ್ಡ ರೋಗ ಅಂದರೆ ಟ್ಯೂಬ್‌ಲೈಟು. ಇಡೀ ಹಾಲ್ ಬೆಳ್ಳಗೆ ಬೆಳಗುತ್ತದೆ, ಚಿತ್ರದ ಗಾಜಿನಲ್ಲಿ ನೋಡುವವರ ಮುಖವೇ ಕಾಣುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ. ಕೋಣೆ ಕತ್ತಲು. ದೀಪದ ಬೆಳಕು ಅವಳ ಮುಖಕ್ಕೆ, ಬೆರಳ ಸಂದಿಗೆ ಬಿದ್ದಿರುವುದು ಆ ಕತ್ತಲಿಂದಲೇ ಎದ್ದು ಕಾಣುತ್ತದೆ. ಅದು ಜಲವರ್ಣದ ಚಿತ್ರ ಅಂದರೆ ಬಹಳ ಜನ ನಂಬುವುದಿಲ್ಲ. ಸುತ್ತಲಿನ ಬೆಳಕು ತಗ್ಗಿಸಿದರೆ ಚಿತ್ರ ತಾನೇ ಮಾತಾಡುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ.

ಬೆಳಕು ಚಿತ್ರವನ್ನು ತಿನ್ನುತ್ತದೆ ಕೂಡ. ಕಾಗದ, ಬಟ್ಟೆ, ಜಲವರ್ಣ, ಹಳೆಯ ಫೋಟೋಗಳಿಗೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸಾಕು ಅನ್ನುವುದು ಮ್ಯೂಸಿಯಂಗಳ ರೂಢಿ. ತೈಲವರ್ಣ, ಆಕ್ರಿಲಿಕ್‌ಗೆ 200ರವರೆಗೆ ಹೋಗಬಹುದು. ನಡುಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ, ಯೋಚಿಸಿ. ಹಾನಿ ಕೂಡುತ್ತಾ ಹೋಗುವಂಥದ್ದು. 50 ಲಕ್ಸ್‌ನಲ್ಲಿ ಹತ್ತು ದಿನ ಇಟ್ಟದ್ದೂ ಒಂದೇ, 500 ಲಕ್ಸ್‌ನಲ್ಲಿ ಒಂದು ದಿನ ಇಟ್ಟದ್ದೂ ಒಂದೇ. ಲಕ್ಸ್ ಅಳೆಯುವ ಆ್ಯಪ್ ಫೋನಿಗೆ ಸಿಗುತ್ತದೆ. ಕರಾರುವಾಕ್ಕಾಗಿ ಇರುವುದಿಲ್ಲ, ಅಂದಾಜಿಗೆ ಪರವಾಗಿಲ್ಲ. ಫೋನನ್ನು ಚಿತ್ರದ ಮುಂದೆ, ಪರದೆ ನಿಮ್ಮ ಕಡೆ ಬರುವಂತೆ ಹಿಡಿದು ಅಳೆಯಿರಿ.

ಮಾಡಬೇಕಾದ್ದು ಇಷ್ಟು. ಬಿಸಿಲು ಬೀಳುವ ಕಿಟಕಿಗೆ ದಪ್ಪ ಖಾದಿ ಪರದೆ. ಟ್ಯೂಬ್‌ಲೈಟ್ ಆರಿಸಿ, ಬೆಚ್ಚಗಿನ ಬಣ್ಣದ ಎಲ್‌ಇಡಿ ಸ್ಪಾಟ್ ಲೈಟ್ ತನ್ನಿ. ಹ್ಯಾಲೊಜೆನ್ ಬೇಡ, ಬಿಸಿ ಜಾಸ್ತಿ. ದೀಪ ಚಿತ್ರದ ನೇರ ಎದುರಿಗೆ ಇರಬಾರದು. ಮೇಲಿನಿಂದ, ನೆಟ್ಟಗಿನ ಗೆರೆಗೆ ಸುಮಾರು 30 ಡಿಗ್ರಿ ಓರೆಯಾಗಿ ಬೀಳಬೇಕು. ಆಗ ಗಾಜಿನ ಹೊಳಪು ನೋಡುವವರ ಕಣ್ಣಿಗೆ ಬರದೆ ನೆಲಕ್ಕೆ ಹೋಗುತ್ತದೆ. ಮೈಸೂರು ಶೈಲಿಯ ಚಿನ್ನದ ರೇಕಿನ ಕೆಲಸ ಇದ್ದರೆ ಒಂದು ಪಕ್ಕದಿಂದ ಸಣ್ಣ ಬೆಳಕು ಕೊಟ್ಟು ನೋಡಿ. ತೆಳುವಾಗಿ ಉಬ್ಬಿಸಿದ ಆಭರಣದ ಗೆರೆ ಆಗ ಮಾತ್ರ ಎದ್ದು ಬರುತ್ತದೆ.

ತೇವಕ್ಕೆ ದೊಡ್ಡ ಯಂತ್ರ ಯಾರ ಹತ್ತಿರವೂ ಇರುವುದಿಲ್ಲ. ಒಂದು ಸಣ್ಣ ತೇವಮಾಪಕ ತಂದಿಡಿ. 65 ಶೇಕಡ ದಾಟಿ ಅಲ್ಲೇ ನಿಂತರೆ ಬೂಸ್ಟು ಬರುವ ಸೂಚನೆ. ಗಾಜಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ, ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ ತೆಗೆದು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಸಣ್ಣ ರಬ್ಬರ್ ಬಿರಡೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

6. ತೂಗುಹಾಕುವುದು

ಮೊದಲು ಎಲ್ಲ ಚಿತ್ರಗಳನ್ನೂ ಅವುಗಳ ಗೋಡೆಯ ಬುಡದಲ್ಲಿ, ದಪ್ಪ ರಟ್ಟಿನ ಮೇಲೆ ಒರಗಿಸಿ ಇಡಿ. ದೂರ ನಿಂತು ನೋಡಿ. ಅದಲುಬದಲು ಮಾಡಿ. ಬಾಗಿಲಿನಲ್ಲಿ ನಿಂತರೆ ಮೊದಲು ಯಾವುದು ಕಣ್ಣಿಗೆ ಬೀಳುತ್ತದೆ? ಅಲ್ಲಿ ನಿಮ್ಮ ಅತ್ಯುತ್ತಮ ಚಿತ್ರವೇ ಇರಬೇಕು ಅಂತಿಲ್ಲ, ಒಳಗೆ ಕರೆಯುವ ಚಿತ್ರ ಇರಬೇಕು. ಈ ಕೆಲಸಕ್ಕೆ ಅರ್ಧ ದಿನ ಕೊಡಿ. ಮೊಳೆ ಹಿಡಿಯುವ ಆತುರ ಬೇಡ.

ಎತ್ತರಕ್ಕೆ ಒಂದೇ ನಿಯಮ. ಚಿತ್ರದ ನಡುಬಿಂದು ನೆಲದಿಂದ 57 ಇಂಚು, ಅಂದರೆ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ಚಿಕ್ಕದು, ದೊಡ್ಡದು ಎಲ್ಲದಕ್ಕೂ ಇದೇ. ಮೇಲಿನ ಅಂಚು ಒಂದೇ ಗೆರೆಗೆ ಬರಲಿ ಅಂತ ಹಠ ಮಾಡುವವರು ಇರುತ್ತಾರೆ, ಕೇಳಬೇಡಿ. ಶಾಲೆಯ ಮಕ್ಕಳೇ ಜಾಸ್ತಿ ಬರುವುದಾದರೆ 54 ಇಂಚಿಗೆ ಇಳಿಸಿ.

ಕೊಕ್ಕೆ ಎಲ್ಲಿ ಬರಬೇಕು ಅಂತ ಲೆಕ್ಕ ಹೀಗೆ. ಫ್ರೇಮ್ ಸೇರಿ ಚಿತ್ರದ ಎತ್ತರ 30 ಇಂಚು. ಅರ್ಧ 15. ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದಾಗ ಅದು ಫ್ರೇಮಿನ ಮೇಲಂಚಿನಿಂದ 3 ಇಂಚು ಕೆಳಗಿದೆ ಅಂದುಕೊಳ್ಳಿ. 57ಕ್ಕೆ 15 ಕೂಡಿಸಿ, 3 ಕಳೆಯಿರಿ. 69 ಇಂಚು. ಪೆನ್ಸಿಲ್‌ನಲ್ಲಿ ಚುಕ್ಕಿ ಇಡಿ. ಪ್ರತಿ ಚಿತ್ರದ ಹಿಂದೆ ಒಂದು ಚೀಟಿಯಲ್ಲಿ ಆ ಸಂಖ್ಯೆ ಬರೆದು ಅಂಟಿಸಿದರೆ ಇಬ್ಬರು ಸೇರಿ ಒಂದು ಗೋಡೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು.

ಒಂದೇ ಕೊಕ್ಕೆಗೆ ನೇತುಹಾಕಿದ ಚಿತ್ರ ಎರಡು ದಿನದಲ್ಲಿ ವಾಲುತ್ತದೆ. ಫ್ಯಾನಿನ ಗಾಳಿ ಸಾಕು. ಹಾಗಾಗಿ ಎರಡು ಕೊಕ್ಕೆ. ಗಾರೆ ಕೆಲಸದವರ ಮಟ್ಟದ ಕೊಳವೆ ಒಂದು ಜೊತೆಗಿರಲಿ. ಭಾರದ ಚಿತ್ರಕ್ಕೆ ನೈಲಾನ್ ದಾರ ಬೇಡ, ಹಿಗ್ಗುತ್ತದೆ. ಹೆಣೆದ ಸ್ಟೀಲ್ ತಂತಿ ಹಾಕಿ.

7. ಲೇಬಲ್ ಬರೆಯುವುದು

ಜಗನ್ಮೋಹನ ಅರಮನೆಯ ಅದೇ ಚಿತ್ರಕ್ಕೆ ವಾಪಸ್ ಬರುತ್ತೇನೆ. ಅದನ್ನು ಬರೆದವರು ಎಸ್. ಎಲ್. ಹಲ್ದಣಕರ್. ಆದರೆ ರವಿವರ್ಮನದು ಅಂತ ಹೇಳುವವರು ಇವತ್ತಿಗೂ ಸಿಗುತ್ತಾರೆ. ಅಷ್ಟು ಹೆಸರಾದ ಚಿತ್ರದ ಗತಿಯೇ ಹೀಗಾದರೆ ನಿಮ್ಮ ಪ್ರದರ್ಶನದ್ದು ಕೇಳಬೇಕಾ? ಹೆಸರನ್ನು ದೊಡ್ಡದಾಗಿ ಬರೆಯಿರಿ.

ಕ್ರಮ ಹೀಗಿರಲಿ: ಕಲಾವಿದರ ಹೆಸರು, ಊರು, ಚಿತ್ರದ ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಕೊಟ್ಟವರ ಹೆಸರು ಕೊನೆಗೆ, ಅವರು ಒಪ್ಪಿದರೆ ಮಾತ್ರ. ಅದರ ಕೆಳಗೆ ಎರಡು ಮೂರು ಸಾಲಿನ ವಿವರ ಇದ್ದರೆ ಚೆನ್ನ. ಆದರೆ 'ಅಸ್ತಿತ್ವದ ಅನಂತ ಆಯಾಮಗಳ ಅನ್ವೇಷಣೆ' ಥರದ್ದು ಬೇಡ. ಅದನ್ನು ಓದಿದ ಮೇಲೆ ಯಾರೂ ಚಿತ್ರದ ಕಡೆ ತಿರುಗುವುದಿಲ್ಲ. ಚಿತ್ತಾರಕ್ಕೆ ಹೀಗೆ ಬರೆಯಬಹುದು: 'ಕೆಂಪು ಕೆಮ್ಮಣ್ಣಿನದು. ಬಿಳಿ ಅಕ್ಕಿ ಹಿಟ್ಟಿನದು. ಕಪ್ಪು ಸುಟ್ಟ ಅಕ್ಕಿಯದು. ಹಳದಿ ಗುರಿಗೆ ಬೀಜದ್ದು. ಗೆರೆ ಎಳೆದದ್ದು ಪುಂಡಿ ನಾರಿನ ಕುಂಚದಿಂದ.' ಓದಿದವರು ತಕ್ಷಣ ತಲೆ ಎತ್ತಿ ಹಳದಿ ಎಲ್ಲಿದೆ ಅಂತ ಹುಡುಕುತ್ತಾರೆ. ಲೇಬಲ್ ಮಾಡಬೇಕಾದ ಕೆಲಸ ಅಷ್ಟೇ.

ಅಕ್ಷರದ ಗಾತ್ರ ಕನ್ನಡಕ್ಕೆ 20 ಪಾಯಿಂಟ್‌ಗಿಂತ ಕಮ್ಮಿ ಬೇಡ. ಇಂಗ್ಲಿಷಿಗೆ ಸಾಕಾಗುವ ಗಾತ್ರದಲ್ಲಿ ನಮ್ಮ ಒತ್ತಕ್ಷರ ಕಾಣುವುದಿಲ್ಲ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಪ್ರವೇಶದ ದೊಡ್ಡ ಫಲಕಕ್ಕೆ 40 ಪಾಯಿಂಟ್ ಆಸುಪಾಸು, ನೂರೈವತ್ತು ಪದ ಮೀರದಂತೆ.

ಈಗ ಮುದ್ರಣದ ಅಂಗಡಿಯ ಕಥೆ. ನೀವು ಫೋನಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳೇ ಓಡುತ್ತಿವೆ. ಪರಿವರ್ತಿಸುವಾಗ ಅರ್ಕಾವತ್ತು ಹಾರಿಹೋಗುತ್ತದೆ, ಕೆಲವು ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. 'ಜಲವರ್ಣ' 'ಜಲವಣ' ಆಗಿ ಗೋಡೆ ಏರುತ್ತದೆ. ಅಂಗಡಿಯವರ ಪರದೆಯ ಮೇಲೆ ನೋಡಿ 'ಓಕೆ' ಅನ್ನಬೇಡಿ. ಒಂದು ಪ್ರತಿ ಸಾದಾ ಹಾಳೆಯಲ್ಲಿ ತೆಗೆಸಿ, ಪೆನ್ನು ಹಿಡಿದು, ಹೆಸರುಗಳನ್ನು ಒಂದೊಂದೇ ಅಕ್ಷರ ಓದಿ. ಸಾಧ್ಯವಾದರೆ ಆಯಾ ಕಲಾವಿದರ ಕೈಲೇ ಅವರವರ ಲೇಬಲ್ ಓದಿಸಿ.

ಸನ್‌ಬೋರ್ಡ್ ಮೇಲೆ ಅಂಟಿಸಿ, ಚಿತ್ರದ ಬಲಕ್ಕೆ, ನೆಲದಿಂದ 48ರಿಂದ 52 ಇಂಚಿನಲ್ಲಿ ಇಡಿ. ಗಾಲಿಕುರ್ಚಿಯಲ್ಲಿ ಬಂದವರಿಗೂ ಓದಲು ಸಿಗುತ್ತದೆ. ಗೋಡೆಗೆ ಡಬಲ್ ಟೇಪ್ ಹಚ್ಚಬೇಡಿ, ಕೀಳುವಾಗ ಸುಣ್ಣವೂ ಕಿತ್ತು ಬರುತ್ತದೆ. ಪ್ಯಾನೆಲ್‌ಗಾದರೆ ಪಿನ್ ಸಾಕು.

8. ಉದ್ಘಾಟನೆ

ಹೊರಗೆ ಮಾಡಿ. ವರಾಂಡದಲ್ಲಿ, ಅಂಗಳದಲ್ಲಿ, ಎಲ್ಲಾದರೂ. ಕುರ್ಚಿ, ಮೈಕು, ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಹಾಲ್ ಒಳಗೆ ಬರಬಾರದು. ದೀಪದ ಎಣ್ಣೆ, ಹೊಗೆ, ಹೂಗುಚ್ಛದಿಂದ ತೊಟ್ಟಿಕ್ಕುವ ನೀರು ಎಲ್ಲ ಚಿತ್ರಕ್ಕೆ ಶತ್ರು. ಒಂದು ಇಡೀ ಗೋಡೆಯ ಚಿತ್ರಗಳನ್ನು ಮುಚ್ಚಿ ಅದರ ಮೇಲೆ ಉದ್ಘಾಟಕರ ಫೋಟೋ ಇರುವ ಫ್ಲೆಕ್ಸ್ ಕಟ್ಟುವ ಪದ್ಧತಿ ಇದೆಯಲ್ಲ, ಅದಕ್ಕೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಭಾಷಣ ಒಟ್ಟು ಅರ್ಧ ಗಂಟೆ. ಆಮೇಲೆ ಅತಿಥಿಗಳನ್ನು ಒಳಗೆ ಕರೆದುಕೊಂಡು ಹೋಗುವುದು ಸಂಘದ ಅಧ್ಯಕ್ಷರಲ್ಲ, ಚಿತ್ರ ಬರೆದವರು. ಚಹಾ, ತಿಂಡಿ ಹೊರಗೇ.

9. ಪ್ರದರ್ಶನದ ದಿನಗಳು

ಹಾಲ್‌ನಲ್ಲಿ ಯಾವಾಗಲೂ ಇಬ್ಬರು ಇರಲಿ. ಒಬ್ಬರು ಊಟಕ್ಕೆ ಹೋದರೂ ಇನ್ನೊಬ್ಬರು ಇರುತ್ತಾರೆ. ಮೊಬೈಲ್ ನೋಡುತ್ತಾ ಮೂಲೆಯಲ್ಲಿ ಕೂರುವವರು ಬೇಡ, ಕೇಳಿದ್ದಕ್ಕೆ ಉತ್ತರ ಕೊಡುವವರು ಬೇಕು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ, ಸಂಜೆ ಮುಚ್ಚುವ ಮುಂಚೆ ಪಟ್ಟಿ ಹಿಡಿದು ಚಿತ್ರಗಳನ್ನು ಎಣಿಸಿ, ಸಹಿ ಹಾಕಿ.

ಶಾಲೆಗಳನ್ನು ಕರೆಯಲು ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಚಿತ್ರಕಲಾ ಶಿಕ್ಷಕರಿಗೆ ನೇರವಾಗಿ ಫೋನ್ ಮಾಡಿ. ಮಕ್ಕಳನ್ನು ಕರೆತರುವವರು ಅವರೇ. ಒಂದು ಸಲಕ್ಕೆ ಮೂವತ್ತಕ್ಕಿಂತ ಜಾಸ್ತಿ ಬೇಡ. ಮಕ್ಕಳನ್ನು ಸಾಲಾಗಿ ನಡೆಸಿ ಹೊರಗೆ ಕಳಿಸುವುದು ಸುಮ್ನೆ ದಂಡ. ಪೆನ್ಸಿಲ್, ಹಾಳೆ ಕೊಟ್ಟು ಒಂದು ಬುಟ್ಟಿಯ ಮೇಲಿನ ಒಂದೇ ಒಂದು ವಿನ್ಯಾಸ ನೋಡಿ ಬರೆಯಿರಿ ಅನ್ನಿ. ಹತ್ತು ನಿಮಿಷ ಕದಲದೆ ಕೂರುತ್ತಾರೆ. ಹಾಲ್ ಒಳಗೆ ಪೆನ್ನು, ಸ್ಕೆಚ್ ಪೆನ್ ಬೇಡ. ಚಿತ್ತಾರ ಬರೆದು ತೋರಿಸುವ ಕಾರ್ಯಕ್ರಮ ಹಸಿ ಬಣ್ಣದ್ದು, ಅದು ವರಾಂಡದಲ್ಲಿ.

ಅಭಿಪ್ರಾಯ ಪುಸ್ತಕ ಇಟ್ಟರೆ ಎಲ್ಲರೂ 'ತುಂಬಾ ಚೆನ್ನಾಗಿದೆ, ಶುಭವಾಗಲಿ' ಅಂತ ಬರೆಯುತ್ತಾರೆ. ಅದರಿಂದ ನಿಮಗೇನೂ ತಿಳಿಯುವುದಿಲ್ಲ. ಪುಟದ ಮೇಲೆ ಒಂದು ಪ್ರಶ್ನೆ ಅಚ್ಚು ಹಾಕಿ: 'ಯಾವ ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತಿರಿ?' ಉತ್ತರಗಳು ಬೇರೆಯೇ ಬರುತ್ತವೆ.

10. ಇಳಿಸುವುದು

ಕೊನೆಯ ದಿನ ಸಂಜೆಯೇ ಇಳಿಸಲು ಹೋಗಬೇಡಿ. ಎಲ್ಲರೂ ದಣಿದಿರುತ್ತಾರೆ, ಚಿತ್ರ ಕೈಜಾರುವುದು ಆಗಲೇ. ಅರ್ಜಿಯಲ್ಲಿ ಕೇಳಿಕೊಂಡ ಆ ಹೆಚ್ಚುವರಿ ದಿನ ಇದಕ್ಕೆ. ಒಂದೊಂದೇ ಇಳಿಸಿ, ಸ್ಥಿತಿಯ ಹಾಳೆ ತೆಗೆದು, ಮೊದಲಿನ ಫೋಟೋ ಪಕ್ಕದಲ್ಲಿಟ್ಟು ನೋಡಿ. ಬಂದಾಗ ಇಲ್ಲದ ಗೀರು ಈಗ ಇದ್ದರೆ ಮುಚ್ಚಿಡಬೇಡಿ, ಆಗಲೇ ಫೋನ್ ಮಾಡಿ ಹೇಳಿ.

ಚಿತ್ರ ವಾಪಸ್ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ 'ಸರಿಯಾಗಿ ಬಂದಿದೆ' ಅಂತ ಸಹಿ ಹಾಕಿಸಿಕೊಳ್ಳಿ. ಗೋಡೆ, ನೆಲ ನೀವು ಬಂದಾಗ ಇದ್ದ ಹಾಗೆ ಮಾಡಿ, ಮ್ಯೂಸಿಯಂ ಮುಖ್ಯಸ್ಥರ ಜೊತೆ ಒಂದು ಸುತ್ತು ಹಾಕಿ, ಬೀಗದ ಕೈ ಕೊಟ್ಟು ರಸೀದಿ ಪಡೆಯಿರಿ. ಠೇವಣಿ ಕಟ್ಟಿದ್ದರೆ ಅದನ್ನು ವಾಪಸ್ ಕೇಳುವ ಪತ್ರವನ್ನು ಅವತ್ತೇ ಟಪಾಲಿನಲ್ಲಿ ಕೊಡಿ. ಅದರ ಜೊತೆಗೇ ಎಷ್ಟು ಜನ ಬಂದರು, ಎಷ್ಟು ಶಾಲೆ ಬಂದವು ಅನ್ನುವ ಒಂದು ಪುಟದ ವರದಿ, ನಾಲ್ಕು ಫೋಟೋ ಲಗತ್ತಿಸಿ. ಮುಂದಿನ ವರ್ಷದ ಅರ್ಜಿಗೆ ಇದರ ಪ್ರತಿಯೇ ಮೊದಲ ಲಗತ್ತು.